ಒಂದೇ ಬಣ್ಣದ ಬಳಗ: ಎಲೆ ಉದುರುವ ಕಾಲಕ್ಕೆ ಕಡಿಮೆ ಖರ್ಚಿನ ಮನೆಯಲಂಕಾರ

ಎಲೆ ಉದುರುವ ಕಾಲದ ಅಲಂಕಾರಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಮರಗಳ ಬುಡದಲ್ಲಿ ಬಿದ್ದಿರುತ್ತದೆ, ಉಳಿದದ್ದು ಮನೆಯಿಂದ ಹೊರಗೆ ಹೋಗಲಿರುವ ಕಸದಲ್ಲಿರುತ್ತದೆ. ಬಣ್ಣ ತಿರುಗಿದ ಎಲೆ, ಪೈನ್ ಮರದ ಕಾಯಿ, ಓಕ್ ಮರದ ಕಾಯಿ, ಒಣಗಿದ ಕೊಂಬೆ, ಖಾಲಿಯಾದ ಗಾಜಿನ ಜಾಡಿ, ತಗಡಿನ ಡಬ್ಬಿ ಇವುಗಳಿಗೆ ಹಣ ಕೊಡಬೇಕಾಗಿಲ್ಲ. ಕೊಳ್ಳಬೇಕಾದದ್ದು ಮುಖ್ಯವಾಗಿ ಬಣ್ಣ ಮತ್ತು ಒಂದೆರಡು ಕುಂಚ. ಆದರೆ ಹೀಗೆ ಪುಕ್ಕಟೆಯಾಗಿ ಕೂಡಿಸಿದ ವಸ್ತುಗಳನ್ನು ಒಂದೆಡೆ ಜೋಡಿಸಿದಾಗ ಅವು ಅಲಂಕಾರವೆನಿಸದೆ, ಎಲ್ಲಿಂದಲೋ ತಂದು ಸುರಿದ ಸಾಮಾನಿನಂತೆ ಕಾಣುವುದುಂಟು. ಅದಕ್ಕೆ ಕಾರಣ ವಸ್ತುಗಳು ಅಗ್ಗದವೆಂಬುದಲ್ಲ. ಜಾಡಿಗೊಂದು, ಕಾಯಿಗೊಂದು, ಎಲೆಗೊಂದು ಎಂದು ಟ್ಯೂಬಿನಿಂದ ನೇರವಾಗಿ ತೆಗೆದ ಬಣ್ಣಗಳು ಪರಸ್ಪರ ಹೊಂದದೆ ಇರುವುದು. ಕೆಲವೇ ಟ್ಯೂಬುಗಳಿಂದ ಬೆರೆಸಿಕೊಂಡ ಒಂದೇ ಬಳಗದ ಬಣ್ಣಗಳನ್ನು ಎಲ್ಲ ವಸ್ತುಗಳಿಗೂ ಹಚ್ಚಿದರೆ, ಹಳೆಯ ಜಾಡಿಯೂ ಬಿದ್ದ ಕಾಯಿಯೂ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ. ಹೀಗಾಗಿ ಈ ಕೆಲಸದಲ್ಲಿ ಬಣ್ಣ ಬೆರೆಸುವುದಕ್ಕೇ ಹೆಚ್ಚು ಸಮಯ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಬಣ್ಣಗಳನ್ನು ಆರಿಸುವುದು, ಬೆರೆಸುವುದು

ಆರಿಸಬೇಕಾದ ಬಣ್ಣಗಳನ್ನು ಎಲೆಗಳೇ ತೋರಿಸುತ್ತವೆ. ದಿನ ಕಿರಿದಾಗಿ ಚಳಿ ಹತ್ತಿರವಾದಂತೆ ಎಲೆಯೊಳಗಿನ ಪತ್ರಹರಿತ್ತು ಒಡೆದು ಕಡಿಮೆಯಾಗುತ್ತದೆ. ಅದರ ಹಸಿರು ಮರೆಯಾದಾಗ, ಮೊದಲಿನಿಂದಲೂ ಎಲೆಯಲ್ಲೇ ಇದ್ದ ಕೆರೋಟಿನಾಯ್ಡ್‌ಗಳ ಹಳದಿ ಮತ್ತು ಕಿತ್ತಳೆ ಕಣ್ಣಿಗೆ ಬೀಳುತ್ತವೆ. ಕೆಂಪು ಮತ್ತು ನೇರಳೆಗೆಂಪು ಬಣ್ಣ ಕೊಡುವ ಆಂಥೋಸಯನಿನ್ ಮಾತ್ರ ಬಹುತೇಕ ಆ ಕಾಲದಲ್ಲಿಯೇ ಹೊಸದಾಗಿ ತಯಾರಾಗುತ್ತದೆ. ಇವೆಲ್ಲ ಅಳಿದ ಮೇಲೆ ಉಳಿಯುವ ಕಂದು ಟ್ಯಾನಿನ್‌ಗಳದ್ದು. ಈ ಬಣ್ಣಗಳು ಒಂದರ ಬೆನ್ನಿಗೊಂದು ಅದೇ ಎಲೆಯಲ್ಲಿ ಬರುವುದರಿಂದ, ಯಾವ ಹಳದಿಯೂ ಬರೀ ಹಳದಿಯಾಗಿರುವುದಿಲ್ಲ. ಅದರೊಳಗೆ ಚೂರು ಕಂದೋ, ಅಳಿದುಳಿದ ಹಸಿರೋ ಬೆರೆತಿರುತ್ತದೆ. ಅಂಗಡಿಯಲ್ಲಿ ಸಿಗುವ ಹೊಳಪಿನ ಕಿತ್ತಳೆ ಬಣ್ಣ ಪ್ಲಾಸ್ಟಿಕ್ಕಿನಂತೆ ಕಾಣುವುದು ಈ ಬೆರಕೆ ಅದರಲ್ಲಿ ಇಲ್ಲದಿರುವುದರಿಂದ.

ಕೆಂಪು, ಹಳದಿ, ನೀಲಿ, ಬಿಳಿ ಮತ್ತು ಕಡುಗಂದು, ಈ ಐದು ಅಕ್ರಿಲಿಕ್ ಬಣ್ಣಗಳು ಸಾಕು. ಅಕ್ರಿಲಿಕ್ ಬಣ್ಣವನ್ನು ನೀರಿನಲ್ಲಿ ತೆಳುಮಾಡಬಹುದು, ಒದ್ದೆಯಿರುವಾಗ ಕುಂಚವನ್ನು ನೀರಿನಲ್ಲೇ ತೊಳೆಯಬಹುದು, ಒಣಗಿದ ಮೇಲೆ ಅದು ನೀರಿಗೆ ಕರಗುವುದಿಲ್ಲ. ಎಲೆ, ಮರ, ಕಾಗದ, ಕಾಯಿಸಿಪ್ಪೆ ಎಲ್ಲದರ ಮೇಲೂ ಕೂರುತ್ತದೆ. ಕಿತ್ತಳೆ ಬೇಕಾದಾಗ ಹಳದಿಯನ್ನು ಮೊದಲು ತಟ್ಟೆಗೆ ಹಾಕಿಕೊಂಡು ಕೆಂಪನ್ನು ಹನಿಹನಿಯಾಗಿ ಸೇರಿಸಬೇಕು, ಏಕೆಂದರೆ ಕೆಂಪಿನ ಬಲ ಹೆಚ್ಚು. ಕೆಂಪಿನಿಂದ ಶುರುಮಾಡಿದರೆ ಅದನ್ನು ಕಿತ್ತಳೆಗೆ ತರುವಷ್ಟರಲ್ಲಿ ಹಳದಿಯ ಅರ್ಧ ಟ್ಯೂಬು ಮುಗಿದಿರುತ್ತದೆ. ಈ ಕಿತ್ತಳೆಗೆ ಕುಂಚದ ತುದಿಯಷ್ಟು ನೀಲಿ ಸೇರಿಸಿದರೆ ಅದರ ಅಬ್ಬರ ಇಳಿದು ಇಟ್ಟಿಗೆಯ ಬಣ್ಣ ಬರುತ್ತದೆ, ಇನ್ನಷ್ಟು ಸೇರಿಸಿದರೆ ಬೆಚ್ಚನೆಯ ಕಂದು. ಹಳದಿಗೆ ಚೂರು ಕಡುಗಂದು ಸೇರಿದರೆ ಸಾಸಿವೆ ಹಳದಿ; ಹಳದಿಗೆ ಸ್ವಲ್ಪ ನೀಲಿ ಬೆರೆಸಿ, ಬಂದ ಹಸಿರನ್ನು ಒಂದು ಹನಿ ಕೆಂಪಿನಿಂದ ತಣಿಸಿದರೆ ಪಾಚಿ ಹಸಿರು; ಕೆಂಪಿಗೆ ನೀಲಿ ಮತ್ತು ಕಂದು ಸೇರಿದರೆ ಮಾಗಿದ ದ್ರಾಕ್ಷಿಯ ಗಾಢ ಬಣ್ಣ; ಬಿಳಿಗೆ ಹಳದಿ, ಕಂದು ಒಂದೊಂದು ಹನಿ ಬಿದ್ದರೆ ಕೆನೆ ಬಣ್ಣ. ಬಣ್ಣವನ್ನು ಗಾಢಗೊಳಿಸಲು ಕಪ್ಪನ್ನು ಬಳಸಬೇಡಿ. ಕಪ್ಪು ಹಳದಿಯನ್ನು ಹಸಿರಿಗೆ ತಿರುಗಿಸುತ್ತದೆ, ಕಿತ್ತಳೆಯನ್ನು ಕೊಳೆಯಾಗಿಸುತ್ತದೆ.

ಬಣ್ಣಗಳು ಒಂದೇ ಬಳಗದವಾಗಿ ಕಾಣಲು ನಂಬಬಹುದಾದ ಉಪಾಯವೊಂದಿದೆ. ಬೆರೆಸಿದ ಪ್ರತಿಯೊಂದು ಬಣ್ಣಕ್ಕೂ, ಕೆನೆ ಬಣ್ಣಕ್ಕೂ ಸಹ, ಅದೇ ಕಡುಗಂದನ್ನು ಸ್ವಲ್ಪ ಸ್ವಲ್ಪ ಸೇರಿಸಬೇಕು. ಆ ಕಂದು ಎದ್ದು ಕಾಣುವುದಿಲ್ಲ, ಆದರೆ ಎಲ್ಲವನ್ನೂ ಒಳಗಿನಿಂದ ಕಟ್ಟಿಹಾಕುತ್ತದೆ. ಅಕ್ರಿಲಿಕ್ ಬಣ್ಣ ಒಣಗಿದಾಗ ಒದ್ದೆಯಿದ್ದಾಗಿಗಿಂತ ತುಸು ಗಾಢವಾಗುವುದರಿಂದ, ಬಿಳಿ ಕಾಗದದ ಪಟ್ಟಿಯ ಮೇಲೆ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ತೀರ್ಮಾನಿಸಬೇಕು. ಒಂದು ಬಣ್ಣ ಮುಗಿದ ಮೇಲೆ ಅದನ್ನೇ ಮತ್ತೆ ಬೆರೆಸುವುದು ಬಹಳ ಕಷ್ಟ. ಬೇಕಾದಷ್ಟನ್ನು ಒಮ್ಮೆಗೇ ಬೆರೆಸಿ ಬಿಗಿ ಮುಚ್ಚಳದ ಸಣ್ಣ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ. ನಾಲ್ಕು ಬಣ್ಣ ಮತ್ತು ಒಂದು ಕೆನೆ, ಇದಕ್ಕಿಂತ ಹೆಚ್ಚು ಬೇಡ. ಚಿನ್ನದ ಬಣ್ಣದ ಆಸೆಯಿದ್ದರೆ ಅದನ್ನು ಅಂಚುಗಳಿಗೆ ಮಾತ್ರ ಮೀಸಲಿಡಿ. ಮಿನುಗು ಪುಡಿಯನ್ನು ನಾನು ಯಾರಿಗೂ ಹೇಳುವುದಿಲ್ಲ: ಅದು ಪ್ಲಾಸ್ಟಿಕ್ಕಿನ ಚೂರು, ಮನೆಯ ತುಂಬ ಉದುರುತ್ತದೆ, ಎಷ್ಟೋ ಕಾಲ ಗುಡಿಸಿದರೂ ಹೋಗುವುದಿಲ್ಲ.

ಕೂಡಿಸಿದ್ದನ್ನು ಹದಗೊಳಿಸುವುದು

ಹಸಿ ವಸ್ತುವಿನ ಮೇಲೆ ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಒಳಗಿನ ತೇವ ಹೊರಬರುವಾಗ ಬಣ್ಣ ಬಿರುಕು ಬಿಡುತ್ತದೆ ಅಥವಾ ಅದರ ಕೆಳಗೆ ಬೂಷ್ಟು ಹಿಡಿಯುತ್ತದೆ. ಎಲೆಗಳನ್ನು ಮಳೆಯಿಲ್ಲದ ದಿನ, ಮಂಜಿನ ತೇವ ಆರಿದ ಮೇಲೆ, ಇನ್ನೂ ಮೆತ್ತಗಿರುವಾಗಲೇ ಆರಿಸಿ ತನ್ನಿ. ಮುಟ್ಟಿದರೆ ಮುರಿಯುವಷ್ಟು ಒಣಗಿದ ಎಲೆಯನ್ನು ಚಪ್ಪಟೆ ಮಾಡಲಾಗದು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ಭಾರವಾದ ಪುಸ್ತಕಗಳನ್ನು ಹೇರಿ, ಒಂದರಿಂದ ಎರಡು ವಾರ ಬಿಡಬೇಕು. ಮೊದಲ ಕೆಲವು ದಿನ ಹಾಳೆಗಳನ್ನು ಬದಲಿಸಿದರೆ ತೇವ ಬೇಗ ಹೀರಿ ಎಲೆ ಕಪ್ಪಾಗುವುದು ತಪ್ಪುತ್ತದೆ. ಗುರುತಿಲ್ಲದ ಬಳ್ಳಿಯ ಎಲೆಯನ್ನು ಬರಿಗೈಯಿಂದ ಕೀಳಬೇಡಿ. ಉತ್ತರ ಅಮೆರಿಕದಲ್ಲಿ ಬೆಳೆಯುವ, ಮೂರು ಎಲೆಗಳ ಗುಂಪಿನ ಪಾಯಿಸನ್ ಐವಿ ಈ ಕಾಲದಲ್ಲಿ ಸುಂದರವಾಗಿ ಕೆಂಪಾಗುತ್ತದೆ. ಚರ್ಮದ ಮೇಲೆ ಗುಳ್ಳೆ ಎಬ್ಬಿಸುವ ಅದರ ಎಣ್ಣೆ, ಎಲೆ ಒಣಗಿದ ಮೇಲೂ ಶಕ್ತಿ ಕಳೆದುಕೊಳ್ಳುವುದಿಲ್ಲ.

ಪೈನ್ ಕಾಯಿಗಳಲ್ಲಿ ಅಂಟಾದ ರಾಳವೂ ಸಣ್ಣ ಹುಳುಗಳೂ ಇರುತ್ತವೆ. ಮಣ್ಣು ಕೊಡವಿ, ಹಾಳೆ ಹಾಸಿದ ತಟ್ಟೆಯಲ್ಲಿ ಹರಡಿ, ಸುಮಾರು 95 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಗೂಡಿನಲ್ಲಿ, ಅಂದರೆ ಓವನ್‌ನಲ್ಲಿ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಟ್ಟರೆ ಹುಳುಗಳು ಸಾಯುತ್ತವೆ, ರಾಳ ಕರಗಿ ತೆಳುವಾಗಿ ಹರಡಿ ಗಟ್ಟಿಯಾಗುತ್ತದೆ, ಮುಚ್ಚಿದ ಪಕಳೆಗಳು ಬಿಚ್ಚಿಕೊಳ್ಳುತ್ತವೆ. ರಾಳ ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು. ಅಷ್ಟು ಹೊತ್ತೂ ಅಡುಗೆಮನೆಯಲ್ಲೇ ಇರಿ. ಓವನ್ ಇಲ್ಲದವರು ಬಿಸಿಲಿನಲ್ಲಿ ಹಲವು ದಿನ ಒಣಗಿಸಬಹುದು. ಪಕಳೆಯ ಒಳಪದರ ಮತ್ತು ಹೊರಪದರ ತೇವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಉಬ್ಬುವುದರಿಂದ, ಕಾಯಿ ನೆನೆದಾಗ ಮುಚ್ಚಿಕೊಂಡು ಒಣಗಿದಾಗ ಮತ್ತೆ ಅರಳುತ್ತದೆ. ಹೀಗಾಗಿ ತೊಳೆದ ಕಾಯಿ ಮುದುಡಿದರೆ ಹಾಳಾಯಿತೆಂದು ಎಸೆಯಬೇಡಿ.

ಓಕ್ ಕಾಯಿಗಳನ್ನು ಸುಮಾರು 80 ಡಿಗ್ರಿಯಲ್ಲಿ, ನಡುನಡುವೆ ಹೊರಳಿಸುತ್ತ, ಎರಡು ಗಂಟೆಯಷ್ಟು ಒಣಗಿಸಬೇಕು. ಗುಂಡನೆಯ ಸಣ್ಣ ತೂತಿರುವ ಕಾಯಿಯಿಂದ ಹುಳು ಆಗಲೇ ಹೊರಬಿದ್ದಿರುತ್ತದೆ. ತೂತಿಲ್ಲದ ಕಾಯಿಯೊಳಗೇ ಹುಳು ಇನ್ನೂ ಇರುವ ಸಾಧ್ಯತೆ ಇರುವುದರಿಂದ, ನೋಡಲು ಚೆನ್ನಾಗಿರುವವನ್ನೂ ಬಿಸಿ ಮಾಡದೆ ಮನೆಯೊಳಗೆ ಇಡಬಾರದು. ಕಾಯಿಯ ತಲೆಯ ಮೇಲಿನ ಬಟ್ಟಲಿನಂಥ ಟೊಪ್ಪಿಗೆಗಳು ಒಣಗಿದಾಗ ಕಳಚಿಕೊಳ್ಳುತ್ತವೆ, ಬಿಳಿ ಅಂಟಿನಿಂದ ಮತ್ತೆ ಕೂರಿಸಿದರಾಯಿತು.

ಎಲೆಗಳು

ಒತ್ತಿ ಒಣಗಿಸಿದ ಎಲೆಯ ಮೇಲೆ ಬಣ್ಣ ಹಚ್ಚುವಾಗ ನೀರು ಕಡಿಮೆ ಇರಬೇಕು, ಪದರ ತೆಳುವಾಗಿರಬೇಕು. ನೀರು ಹೆಚ್ಚಾದರೆ ಎಲೆ ಸುರುಳಿಯಾಗುತ್ತದೆ. ಮೊದಲು ಒಂದು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು ಬೆರೆಸಿ ಮೃದುವಾದ ಕುಂಚದಿಂದ ಎರಡೂ ಬದಿಗೆ ತೆಳುವಾಗಿ ಸವರಿ ಒಣಗಿಸಿದರೆ ಎಲೆಗೆ ಬಲ ಬರುತ್ತದೆ. ಬಣ್ಣ ಒಣಗಿದ ಮೇಲೂ ಅಂಚು ಮೇಲೆದ್ದಿದ್ದರೆ ಮೇಣಗಾಗದದ ನಡುವೆ ಇಟ್ಟು ಒಂದು ರಾತ್ರಿ ಪುಸ್ತಕದ ಕೆಳಗಿಡಿ.

ಎಲೆಯನ್ನು ಇಡಿಯಾಗಿ ಬಣ್ಣದಲ್ಲಿ ಮುಚ್ಚಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಅದು ಕಾಗದದ ತುಂಡಿಗಿಂತ ಬೇರೆಯಾಗಿ ಉಳಿಯುವುದಿಲ್ಲ. ಅರ್ಧ ಎಲೆಯನ್ನು ಕೆನೆ ಬಣ್ಣಕ್ಕೆ ಬಿಟ್ಟು ಉಳಿದರ್ಧದಲ್ಲಿ ಅದರ ಸ್ವಂತ ಬಣ್ಣ ಕಾಣಲಿ. ಸಣ್ಣ ಕುಂಚದಿಂದ ನರಗಳನ್ನು ಮಾತ್ರ ತಿದ್ದಬಹುದು, ಅಂಚಿನುದ್ದಕ್ಕೂ ಚುಕ್ಕೆಗಳ ಸಾಲು ಇಡಬಹುದು. ಚುಕ್ಕೆಗೆ ಕುಂಚಕ್ಕಿಂತ ಪೆನ್ಸಿಲ್ಲಿನ ಹಿಂತುದಿ ಅಥವಾ ಬೆಂಕಿಕಡ್ಡಿ ಒಳ್ಳೆಯದು. ಎಲೆಯ ಸ್ವಂತ ಬಣ್ಣ ಬಿಸಿಲಿಗೆ ಕೆಲವೇ ವಾರಗಳಲ್ಲಿ ಮಾಸಿ ಕಂದಾಗುತ್ತದೆಂಬುದನ್ನು ಲೆಕ್ಕದಲ್ಲಿಟ್ಟು, ಆ ಕಂದಿಗೂ ಒಪ್ಪುವ ಬಣ್ಣವನ್ನೇ ಪಕ್ಕದಲ್ಲಿ ಹಚ್ಚಿ. ತೊಟ್ಟುಗಳನ್ನು ಸೆಣಬಿನ ದಾರಕ್ಕೆ ಗಂಟು ಹಾಕಿ, ನಡುನಡುವೆ ಓಕ್ ಕಾಯಿ ಕಟ್ಟಿದರೆ ಕಿಟಕಿಗೋ ಗೋಡೆಗೋ ತೂಗುವ ಮಾಲೆಯಾಗುತ್ತದೆ. ದಾರದಲ್ಲಿ ಎಲೆಗಳನ್ನು ಒತ್ತೊತ್ತಾಗಿ ಪೋಣಿಸದೆ ಜಾಗ ಬಿಟ್ಟು ಕಟ್ಟಿದರೆ ಒಂದೊಂದು ಎಲೆಯ ಆಕಾರವೂ ಕಾಣುತ್ತದೆ, ಎಲೆಯೂ ಕಡಿಮೆ ಸಾಕು.

ಎಲೆಯ ಅಚ್ಚು ಇದಕ್ಕಿಂತಲೂ ಅಗ್ಗದ ಕೆಲಸ. ಇದಕ್ಕೆ ಒಣಗಿದ ಎಲೆ ಆಗದು, ಹಸಿ ಎಲೆಯೇ ಬೇಕು. ನರಗಳು ಉಬ್ಬಿರುವ ಹಿಂಬದಿಗೆ ಸ್ಪಂಜಿನಿಂದ ಬಣ್ಣವನ್ನು ತೆಳುವಾಗಿ ತಟ್ಟಿ, ಕಾಗದದ ಮೇಲೆ ಕವುಚಿ, ಮೇಲೊಂದು ಹಾಳೆಯಿಟ್ಟು ಬೆರಳಿನಿಂದ ತೊಟ್ಟಿನಿಂದ ತುದಿಯವರೆಗೆ ಒತ್ತಬೇಕು, ಎಲೆ ಜರುಗಬಾರದು. ಮೊದಲ ಅಚ್ಚಿನಲ್ಲಿ ಬಣ್ಣ ಹೆಚ್ಚಾಗಿ ನರಗಳು ಮುಚ್ಚಿಹೋಗುತ್ತವೆ. ಮತ್ತೆ ಬಣ್ಣ ಹಚ್ಚದೆ ತೆಗೆದ ಎರಡನೆಯ ಅಚ್ಚು ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ. ಹಳೆಯ ಚೌಕಟ್ಟಿನಲ್ಲಿ ಕೂರಿಸಿದ ಇಂಥ ಒಂದು ಹಾಳೆ ಇಡೀ ಗೋಡೆಯನ್ನು ನಿಭಾಯಿಸುತ್ತದೆ.

ಪೈನ್ ಕಾಯಿಗೆ ಬಣ್ಣ

ಇಲ್ಲಿ ಒಣಕುಂಚದ ಕೆಲಸವೇ ಸರಿ. ಕುಂಚವನ್ನು ಬಣ್ಣದಲ್ಲಿ ಅದ್ದಿ, ಹೆಚ್ಚಿನದನ್ನೆಲ್ಲ ಹಳೆ ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಪಕಳೆಗಳ ತುದಿಗೆ ಮಾತ್ರ ಹಗುರವಾಗಿ ತೀಡಿದರೆ ಒಳಗಿನ ಕಂದು ಹಾಗೇ ಉಳಿದು ಅಂಚು ಬೆಳಗುತ್ತದೆ. ಕೆಳಗಿನ ಪಕಳೆಗಳಿಗೆ ಇಟ್ಟಿಗೆಗೆಂಪು, ನಡುವಿನವಕ್ಕೆ ಕಿತ್ತಳೆ, ತುದಿಯವಕ್ಕೆ ಸಾಸಿವೆ ಹಳದಿ ಎಂದು ಬಣ್ಣ ಬದಲಿಸುತ್ತ ಹೋಗಬಹುದು. ಬುಡದ ಕಡೆಯಿಂದ ನೋಡಿದರೆ ಪೈನ್ ಕಾಯಿ ಅರಳಿದ ಹೂವಿನಂತಿದೆ. ಗಟ್ಟಿ ಕತ್ತರಿಯಿಂದ ಅಡ್ಡಲಾಗಿ ಕತ್ತರಿಸಿ ಬುಡದ ಭಾಗವನ್ನು ಮೇಲ್ಮುಖವಾಗಿಟ್ಟು, ನಡುವೆ ಹಳದಿ ಚುಕ್ಕೆಗಳನ್ನಿಟ್ಟರೆ ರಟ್ಟಿನ ಬಳೆಯ ಮೇಲೆ ಅಂಟಿಸಲು ಒಳ್ಳೆಯ ಹೂಗಳು ಸಿಗುತ್ತವೆ.

ಕುಂಬಳಕಾಯಿ

ಕೊರೆದ ಕುಂಬಳಕಾಯಿ ಒಂದು ವಾರದೊಳಗೇ ಕೊಳೆಯತೊಡಗುತ್ತದೆ. ಕೊರೆಯದೆ ಬಣ್ಣ ಹಚ್ಚಿದ, ಗಾಯವಿಲ್ಲದ ಕಾಯಿ ತಂಪಾದ ಒಣ ಜಾಗದಲ್ಲಿ ಒಂದು ತಿಂಗಳಿಗೂ ಹೆಚ್ಚು ಬಾಳುತ್ತದೆ. ಖರ್ಚಿನ ದೃಷ್ಟಿಯಿಂದ ಈ ಒಂದು ಕಾರಣವೇ ಸಾಕು. ತೊಟ್ಟು ಗಟ್ಟಿಯಾಗಿರುವ, ಉಗುರಿಗೆ ಸಿಪ್ಪೆ ಬಗ್ಗದ ಕಾಯಿಯನ್ನು ಆರಿಸಿ. ತೊಟ್ಟು ಹಿಡಿದು ಎತ್ತಬೇಡಿ. ಅದು ಮುರಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ.

ಸಾಬೂನಿನ ನೀರಿನಲ್ಲಿ ತೊಳೆದು, ಚೂರು ಬ್ಲೀಚ್ ಬೆರೆಸಿದ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಬ್ಲೀಚ್ ಜೊತೆಗೆ ವಿನಿಗರ್ ಆಗಲಿ ಬೇರೆ ಸ್ವಚ್ಛಕಾರಿಗಳಾಗಲಿ ಬೆರೆಯಬಾರದು, ವಿಷಾನಿಲ ಹುಟ್ಟುತ್ತದೆ. ಸಿಪ್ಪೆಯ ಮೇಲಿನ ಮೇಣದ ನುಣುಪಿಗೆ ಬಣ್ಣ ಹನಿಗಟ್ಟಿ ಜಾರುವುದರಿಂದ ಮೊದಲ ಪದರವನ್ನು ಸ್ಪಂಜಿನಿಂದ ತಟ್ಟಿ ಹಚ್ಚಿ. ಅದು ಒಣಗಿದ ಮೇಲೆ, ಅಂದರೆ ಅರ್ಧ ಗಂಟೆಯ ನಂತರ, ಎರಡನೆಯ ಪದರವನ್ನು ಅಗಲ ಕುಂಚದಿಂದ ತೊಟ್ಟಿನಿಂದ ಬುಡಕ್ಕೆ, ಕಾಯಿಯ ಗೆರೆಗಳ ದಿಕ್ಕಿನಲ್ಲೇ ಎಳೆಯಿರಿ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಮೂರು ಪದರಗಳು ಯಾವಾಗಲೂ ಮೇಲು.

ಕೆನೆ ಬಣ್ಣದ ಕಾಯಿ ಇಷ್ಟಕ್ಕೇ ಬಿಟ್ಟರೆ ಸುಣ್ಣ ಬಳಿದಂತೆ ಸಪ್ಪೆಯಾಗಿ ಕಾಣುತ್ತದೆ. ಅದಕ್ಕೆ ಜೀವ ಬರುವುದು ನೆರಳಿನಿಂದ. ಕಡುಗಂದನ್ನು ಹೇರಳವಾದ ನೀರಿನಲ್ಲಿ ಕದಡಿ, ಸಣ್ಣ ಕುಂಚದಿಂದ ಒಂದು ತಗ್ಗುಗೆರೆಗೆ ಬಿಟ್ಟು, ಕೂಡಲೇ ಒದ್ದೆ ಬಟ್ಟೆಯಿಂದ ಉಬ್ಬಿದ ಭಾಗವನ್ನು ಒರೆಸಿ; ಬಣ್ಣ ತಗ್ಗಿನಲ್ಲಿ ಮಾತ್ರ ನಿಂತು, ಉಬ್ಬು ಇನ್ನಷ್ಟು ಉಬ್ಬಿದಂತೆ ತೋರುತ್ತದೆ. ತೆಳು ಬಣ್ಣ ಬಲುಬೇಗ ಒಣಗುವುದರಿಂದ ಒಂದು ಗೆರೆ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ತೊಟ್ಟಿನ ಸುತ್ತ ಇದೇ ಬಣ್ಣವನ್ನು ತುಸು ಹೆಚ್ಚಾಗಿ ಬಿಡಿ, ತೊಟ್ಟನ್ನು ಮಾತ್ರ ಬಣ್ಣವಿಲ್ಲದೆ ಉಳಿಸಿ. ಪ್ಲಾಸ್ಟಿಕ್ಕಿನ ಹಳೆಯ ಕುಂಬಳಕಾಯಿ ಮನೆಯಲ್ಲಿದ್ದರೆ ಉಪ್ಪುಕಾಗದದಿಂದ ಅದರ ಹೊಳಪನ್ನು ಉಜ್ಜಿ ತೆಗೆದು ಇದೇ ಕ್ರಮದಲ್ಲಿ ಬಣ್ಣ ಹಚ್ಚಬಹುದು.

ಕಾಯಿಯನ್ನು ನೇರವಾಗಿ ನೆಲದ ಮೇಲೆ ಕೂರಿಸದೆ ಮರದ ತುಂಡಿನ ಮೇಲೋ ಒಣಹುಲ್ಲಿನ ಮೇಲೋ ಇಟ್ಟರೆ ಬುಡಕ್ಕೆ ಗಾಳಿಯಾಡುತ್ತದೆ. ಹಿಮ ಬೀಳುವಲ್ಲಿ ರಾತ್ರಿ ಒಳಗೆ ತೆಗೆದಿಡಬೇಕು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಕಾಯಿ ಮೆತ್ತಗಾಗುತ್ತದೆ. ಬಣ್ಣ ಹಚ್ಚಿದ ಕಾಯಿ ಅಡುಗೆಗೆ ಸಲ್ಲದು.

ಜಾಡಿ ಮತ್ತು ಡಬ್ಬಿ

ಗಾಜಿನ ಜಾಡಿಯ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯಿರಿ. ಉಳಿದ ಅಂಟಿಗೆ ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಸಾಬೂನಿನಿಂದ ತೊಳೆದು ಸ್ಪಿರಿಟ್‌ನಿಂದ ಒರೆಸಬೇಕು, ಏಕೆಂದರೆ ಬೆರಳಿನ ಜಿಡ್ಡು ತಾಗಿದ ಜಾಗದಲ್ಲೇ ಬಣ್ಣ ಮೊದಲು ಏಳುತ್ತದೆ.

ಹೊಳೆಯುವ ಗಾಜನ್ನು ಮಣ್ಣಿನ ಮಡಕೆಯಂತೆ ಕಾಣಿಸುವುದಕ್ಕೆ ಎರಡು ಪಾಲು ಅಕ್ರಿಲಿಕ್ ಬಣ್ಣಕ್ಕೆ ಸುಮಾರು ಒಂದು ಪಾಲು ಅಡುಗೆ ಸೋಡಾ ಬೆರೆಸುವ ವಿಧಾನವಿದೆ. ಸೋಡಾದ ಕಣಗಳು ಬಣ್ಣದ ಹೊಳಪನ್ನು ಕೊಂದು ಮೇಲ್ಮೈಯನ್ನು ಒರಟಾಗಿಸುತ್ತವೆ. ಮಿಶ್ರಣ ಬೇಗ ಗಟ್ಟಿಯಾಗುವುದರಿಂದ ಒಂದು ಜಾಡಿಗೆ ಬೇಕಾದಷ್ಟನ್ನೇ ಕಲಸಿ, ಕುಂಚವನ್ನು ಎಳೆಯದೆ ಅಡ್ಡದಿಡ್ಡಿಯಾಗಿ ತಟ್ಟುತ್ತ ಹಚ್ಚಿ. ಇಟ್ಟಿಗೆಗೆಂಪಿನ ಪದರ ಒಣಗಿದ ಮೇಲೆ ಅಲ್ಲಲ್ಲಿ ಕೆನೆ ಬಣ್ಣವನ್ನು ಒಣಕುಂಚದಿಂದ ತೀಡಿದರೆ ಹಳೆಯ ಪಾತ್ರೆಯ ಸವೆತ ಬರುತ್ತದೆ. ಕಡಿಮೆ ಖರ್ಚಿನಲ್ಲಿ ವಸ್ತುವೊಂದರ ರೂಪವನ್ನು ಇಷ್ಟು ಬದಲಿಸುವ ಬೇರೆ ವಿಧಾನ ನನಗೆ ತಿಳಿದಿಲ್ಲ. ಒಂದೇ ಒಂದು ವಸ್ತು ಮಾಡಲು ಸಮಯವಿರುವವರು ಇದನ್ನೇ ಮಾಡಲಿ. ಬಣ್ಣ ಹೊರಗೆ ಮಾತ್ರ ಇರುವುದರಿಂದ ಒಳಗೆ ನೀರು ಹಾಕಿ ಹೂವಿಡಬಹುದು, ಆದರೆ ಜಾಡಿಯನ್ನು ನೀರಿನಲ್ಲಿ ಮುಳುಗಿಸಿ ತೊಳೆಯುವಂತಿಲ್ಲ.

ತಗಡಿನ ಡಬ್ಬಿಯ ಬಾಯಿಯ ಚೂಪನ್ನು ಇಕ್ಕಳದಿಂದ ಒಳಕ್ಕೆ ಒತ್ತಿ, ಹೊರಮೈಯನ್ನು ಉಪ್ಪುಕಾಗದದಿಂದ ಉಜ್ಜಿಕೊಂಡರೆ ಮುಂದಿನದೆಲ್ಲ ಇದೇ ರೀತಿ. ಒಣಕೊಂಬೆಗಳಿಗೆ ಕೆನೆ ಬಣ್ಣ ಬಳಿದು ಅದರಲ್ಲಿ ನಿಲ್ಲಿಸಿದರೆ, ಎಲೆಗಳನ್ನು ತೂಗುಹಾಕಲು ಸಣ್ಣ ಮರವೇ ಸಿದ್ಧ. ಹಗುರ ಡಬ್ಬಿ ಮಗುಚದಂತೆ ತಳಕ್ಕೆ ಜಲ್ಲಿಕಲ್ಲು ತುಂಬಬೇಕು.

ರಕ್ಷಣೆಯ ಪದರ, ಜೋಡಣೆ, ಎತ್ತಿಡುವುದು

ಮನೆಯೊಳಗೆ ಇಡುವ ವಸ್ತುಗಳಿಗೆ ನೀರು ಬೆರೆಸಿದ ಬಿಳಿ ಅಂಟಿನ ಪದರ ಸಾಕಾಗುತ್ತದೆ. ಅದು ತೇವಕ್ಕೆ ಮತ್ತೆ ಮೆತ್ತಗಾಗುವುದರಿಂದ ಹೊರಗಿಡುವ ವಸ್ತುಗಳಿಗೆ ಅಕ್ರಿಲಿಕ್ ವಾರ್ನಿಷ್ ಬೇಕು, ಹೊಳಪಿಲ್ಲದ್ದನ್ನೇ ಆರಿಸಿ. ಸಿಂಪಡಿಸುವ ವಾರ್ನಿಷ್ ಆದರೆ ಬಯಲಿನಲ್ಲಿ ಬಳಸಬೇಕು.

ಜೋಡಿಸುವಾಗ ಎಲ್ಲವನ್ನೂ ಒಂದೇ ಕಡೆ ಇಡುವ ಮನಸ್ಸಾಗುತ್ತದೆ. ಎತ್ತರದ ಒಂದು ಕೊಂಬೆಯ ಡಬ್ಬಿ, ಅದರ ಪಕ್ಕ ಒಂದು ಕುಂಬಳಕಾಯಿ, ಬುಡದಲ್ಲಿ ಕೆಲವು ಪೈನ್ ಕಾಯಿ, ಇಷ್ಟಿಟ್ಟು ನಿಲ್ಲಿಸಿ ಸ್ವಲ್ಪ ದೂರದಿಂದ ನೋಡಿ. ಕೆನೆ ಬಣ್ಣದ ವಸ್ತುವಿನ ಹಿಂದೆ ದ್ರಾಕ್ಷಿ ಬಣ್ಣದ್ದು ಬಂದರೆ ಎರಡೂ ಎದ್ದು ಕಾಣುತ್ತವೆ. ಬೆಳಕು ಬೇಕಿದ್ದರೆ ಬ್ಯಾಟರಿಯ ಸಣ್ಣ ದೀಪಗಳನ್ನೇ ಬಳಸಿ. ಒಣ ಎಲೆ, ರಾಳದ ಕಾಯಿ, ಸೆಣಬಿನ ದಾರ ಇರುವ ಜಾಗದಲ್ಲಿ ಮೇಣದಬತ್ತಿ ಹಚ್ಚಲೇಬಾರದು.

ಕುಂಚಗಳನ್ನು ತೊಳೆಯುವ ಮೊದಲು ಉಳಿದ ಬಣ್ಣವನ್ನು ಹಳೆಯ ಪತ್ರಿಕೆಗೆ ಒರೆಸಿ, ಮೋರಿಗೆ ಗಟ್ಟಿ ಬಣ್ಣ ಹೋಗದಿರಲಿ. ಕಾಲ ಮುಗಿದ ಮೇಲೆ ಜಾಡಿ, ಡಬ್ಬಿ, ಪೈನ್ ಕಾಯಿ, ಓಕ್ ಕಾಯಿಗಳನ್ನು ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಣ ಜಾಗದಲ್ಲಿ ಇರಿಸಿದರೆ ಮುಂದಿನ ವರ್ಷಕ್ಕೆ ಬರುತ್ತವೆ. ಬೆರೆಸಿದ ಬಣ್ಣಗಳನ್ನು ಹಚ್ಚಿ ನೋಡಿದ ಕಾಗದದ ಪಟ್ಟಿಯನ್ನೂ, ಯಾವುದಕ್ಕೆ ಏನು ಬೆರೆಸಿದ್ದೆಂದು ಬರೆದು, ಅದೇ ಪೆಟ್ಟಿಗೆಯಲ್ಲಿ ಹಾಕಿಡಿ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪೊರೆಯೇ ಆಗಿರುವುದರಿಂದ, ಬಣ್ಣ ಹಚ್ಚಿದ ಎಲೆಗಳನ್ನೂ ಕುಂಬಳಕಾಯಿಯ ಸಿಪ್ಪೆಯನ್ನೂ ಗೊಬ್ಬರದ ಗುಂಡಿಗೆ ಹಾಕಬಾರದು. ಸಿಪ್ಪೆಯನ್ನು ಹೆರೆದು ಕಸಕ್ಕೆ ಹಾಕಿ, ಒಳಗಿನ ತಿರುಳನ್ನು ಮಾತ್ರ ಗೊಬ್ಬರಕ್ಕೆ ಸೇರಿಸಿ.